ತೆರಿಗೆಯ ಮಾತಿಗೆ ಒಡೆದ ಗಾಜು

ಕೊರೊನಾ ಬಂದ ಮರುವರ್ಷದ ಜೂನ್‌ನಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಜಪಾನಿನ ವಾಕೋ ಊರಿನ ನಮ್ಮ ಮನೆಯಲ್ಲಿ ಇಬ್ಬರು ಸ್ನೇಹಿತರು ಒಬ್ಬರನ್ನೊಬ್ಬರು ಕೊಂದೇಬಿಡುವ ಹಾಗೆ ಹೊಡೆದಾಡಿದರು. ಕಾರಣ ತೆರಿಗೆ.

ಒಬ್ಬ ಮೈಸೂರಿನವನು, ಸಾಫ್ಟ್‌ವೇರ್ ಇಂಜಿನಿಯರ್. ಮದುವೆಯಾದ ಕೂಡಲೇ ಜಪಾನಿಗೆ ಬಂದಿದ್ದ. ಹಿಂದೆಯೇ ಬರಬೇಕಿದ್ದ ಹೆಂಡತಿ, ಗಡಿ ಮುಚ್ಚಿದ್ದರಿಂದ ಊರಲ್ಲೇ ಉಳಿದಿದ್ದಳು. ಇನ್ನೊಬ್ಬ ಬೆಂಗಳೂರಿನವನು, ನನ್ನ ಗಂಡನ ಹಾಗೆ ಸರ್ಕಾರಿ ಸಂಬಳದ ಸಂಶೋಧಕ. ಇಬ್ಬರೂ ನನ್ನನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು.

ಆ ವಾರ ಮೈಸೂರಿನವನಿಗೆ ನಿವಾಸಿ ತೆರಿಗೆಯ ನೋಟಿಸು ಬಂದಿತ್ತು. ಪ್ರಾಂತ್ಯವೂ ಊರೂ ಸೇರಿ ಹಿಂದಿನ ವರ್ಷದ ಆದಾಯದ ಮೇಲೆ ಹಾಕುವ ತೆರಿಗೆ ಅದು. ಈ ವರ್ಷ ಅವನ ಸಂಬಳ ಕಡಿತವಾಗಿದ್ದು ಆ ಲೆಕ್ಕಕ್ಕೆ ಬರುವಂತಿರಲಿಲ್ಲ.

"ಪ್ರಾಂತ್ಯದವರು ಈ ಆದಾಯ ತೆರಿಗೆನೇ ಕಿತ್ತುಹಾಕ್ಬೇಕು ಗುರೂ. ಖರ್ಚು ಮಾಡಿದಾಗ ತಗೊಳ್ಳಲಿ, ದುಡಿದಿದ್ದಕ್ಕೆ ಯಾಕೆ ಕೊಡ್ಬೇಕು?" ಎಂದ.

"ಖರ್ಚಿನ ಮೇಲೆ ಹಾಕಿದ್ರೆ ಕೊಂಬಿನಿ ಅಂಗಡೀಲಿ ಕೆಲಸ ಮಾಡೋ ಹುಡುಗಿಗೂ ನಿನಗೂ ಒಂದೇ ರೇಟು. ಅದು ಫೇರಾ? ಆಸ್ಪತ್ರೆ, ಸ್ಕೂಲು ಯಾರಪ್ಪ ನಡೆಸ್ತಾರೆ?" ಎಂದ ಬೆಂಗಳೂರಿನವನು.

ಚಪಾತಿ ಲಟ್ಟಿಸುತ್ತಿದ್ದ ನನಗೆ ಇಬ್ಬರ ಮಾತೂ ಸರಿಯೆನಿಸಿತು. ಆದರೆ ದನಿ ಏರುತ್ತಾ ಹೋಯಿತು.

"ನನ್ನ ದುಡ್ಡು ಬೇಕು ಇವರಿಗೆ, ನನ್ನ ಹೆಂಡ್ತಿ ಬೇಡ. ನಿನಗೇನು, ನಿನ್ನ ಸ್ಯಾಲರಿ ಬರೋದೇ ನನ್ನ ಜೇಬಿಂದ."

"ಅಷ್ಟು ಕಷ್ಟ ಆದ್ರೆ ಮೈಸೂರಿಗೆ ಹೋಗೋ. ಅವಳಾದ್ರೂ ಇನ್ನೂ ಕಾಯ್ತಿದ್ದಾಳಾ ನೋಡ್ಕೋ."

ಮೈಸೂರಿನವನು ಎದ್ದವನೇ ಅವನ ಬಾಯಿಗೆ ಗುದ್ದಿದ. ಹಲ್ಲು ಮುರಿದ ಸದ್ದು ನನಗೆ ಅಡುಗೆಮನೆಗೇ ಕೇಳಿಸಿತು. ಕೂದಲು ಹಿಡಿದು ತಲೆಯನ್ನು ಗೋಡೆಗೆ ಜಜ್ಜತೊಡಗಿದ. ಬಿಡಿಸಲು ಹೋದ ನನ್ನ ಗಂಡನ ಹೊಟ್ಟೆಗೆ ಮೊಣಕೈ ಬಿತ್ತು. ಬೆಂಗಳೂರಿನವನು ಮೈಯ ಬಲವೆಲ್ಲ ಹಾಕಿ ತಳ್ಳಿದ ರಭಸಕ್ಕೆ ಮೈಸೂರಿನವನು ಅಡುಗೆಮನೆಯ ಗಾಜಿನ ಬಾಗಿಲನ್ನು ಒಡೆದುಕೊಂಡು ನನ್ನ ಕಾಲ ಬುಡಕ್ಕೆ ಬಿದ್ದ. ಮುಂಗೈ ಉದ್ದಕ್ಕೂ ಬಿರಿದು ರಕ್ತ ಚಿಮ್ಮುತ್ತಿತ್ತು. ಅಷ್ಟಾದರೂ ಬೆಂಗಳೂರಿನವನು ಬಂದು ಬಿದ್ದವನ ಪಕ್ಕೆಗೆ ಒದೆಯುತ್ತಲೇ ಇದ್ದ.

ನಾನು ಲಟ್ಟಣಿಗೆಯಿಂದ ಅವನ ಭುಜಕ್ಕೆ ಬಾರಿಸಿದೆ. ಅವನು ನಿಂತ. ನನ್ನ ಕೈ ನಿಲ್ಲಲಿಲ್ಲ, ಮತ್ತೆ ಬಾರಿಸಿದೆ. ಒಂದು ವರ್ಷದಿಂದ ಮನೆಯೊಳಗೇ ಕೂತಿದ್ದ ನನ್ನ ಸಿಟ್ಟೆಲ್ಲ ಆ ಏಟಿನಲ್ಲಿತ್ತು. ಹಿತವೂ ಆಯಿತು.

ಗಂಡ ನನ್ನ ದುಪಟ್ಟಾದಿಂದ ಗಾಯವನ್ನು ಬಿಗಿದು ಕಟ್ಟಿದರು. ನಾನು ಆಂಬುಲೆನ್ಸಿಗೆ ಫೋನ್ ಮಾಡಿ, "ಸುಮಿಮಾಸೆನ್, ಚಿ, ಚಿ" ಎಂದು ಕೂಗಿದೆ. ಸುಮಿಮಾಸೆನ್ ಅಂದರೆ ಕ್ಷಮಿಸಿ; ರಕ್ತಕ್ಕೆ ನನಗೆ ಗೊತ್ತಿದ್ದ ಜಪಾನಿ ಪದ ಚಿ ಒಂದೇ. ಆಂಬುಲೆನ್ಸೇನೋ ಬೇಗ ಬಂತು, ಆದರೆ ನಮ್ಮ ಕಟ್ಟಡದ ಕೆಳಗೇ ನಿಂತುಬಿಟ್ಟಿತು. ಕೊರೊನಾ ರೋಗಿಗಳಿಂದ ತುಂಬಿದ್ದ ಆಸ್ಪತ್ರೆಗಳು ಒಂದಾದ ಮೇಲೊಂದು ಜಾಗವಿಲ್ಲ ಎನ್ನುತ್ತಿದ್ದವು. ಒಳಗೆ ಮೈಸೂರಿನವನು ಬಿಳಿಚಿಕೊಳ್ಳುತ್ತಿದ್ದ. ಕೊನೆಗೆ ದೂರದ ಆಸ್ಪತ್ರೆಯೊಂದು ಒಪ್ಪಿಕೊಂಡಿತು.

ಜಗಳ ಯಾಕಾಯಿತೆಂದು ಪೊಲೀಸರು ಕೇಳಿದಾಗ ನನ್ನ ಗಂಡ "ತೆರಿಗೆ" ಎಂದರು. ಅವರು ನಂಬದೆ ಮತ್ತೆ ಕೇಳಿದರು. ಇಬ್ಬರೂ ದೂರು ಕೊಡಲಿಲ್ಲ. ಬೆಂಗಳೂರಿನವನು ಮುರಿದ ಹಲ್ಲು ಕಟ್ಟಿಸಿಕೊಂಡು ದೂರದ ಸೆಂಡಾಯ್ ನಗರಕ್ಕೆ ಹೊರಟುಹೋದ. ನಮಗೆ ಹೇಳಲೂ ಇಲ್ಲ.

ಗಡಿ ತೆರೆದ ಮೇಲೆ ಮೈಸೂರಿನವನು ಹೆಂಡತಿಯನ್ನು ಕರೆದುಕೊಂಡು ಬಂದ. ಅವನ ಎರಡು ಬೆರಳು ಈಗ ಮಡಚುವುದಿಲ್ಲ.

"ಈಗಲೂ ಆ ತೆರಿಗೆ ತೆಗೀಬೇಕು ಅಂತೀಯಾ?" ಎಂದು ಕೇಳಿದೆ.

"ಅಂತೀನಿ ಅತ್ತಿಗೆ. ಆದ್ರೆ ಆವತ್ತು ಆ ಆಂಬುಲೆನ್ಸಿಗೆ ನನ್ನ ಹತ್ರ ಯಾರೂ ಒಂದು ಯೆನ್ ಕೇಳ್ಲಿಲ್ಲ. ಟ್ಯಾಕ್ಸ್ ಇಲ್ದೇ ಅದನ್ನ ಹೇಗೆ ಓಡಿಸ್ತಾರೋ, ಅದು ಮಾತ್ರ ಇನ್ನೂ ಹೊಳೆದಿಲ್ಲ."

"ಆ ವಿಷಯ ಸಾಕು," ಎಂದಳು ಅವನ ಹೆಂಡತಿ.