ನೀರು ಕೇಳುವ ಶನಿವಾರ

ನಮ್ಮದು ನಾರಾಯಣಖೇಡದಿಂದ ಕಲ್ಹೇರ್ ಕಡೆ ಹೋಗುವ ದಾರಿಯಿಂದ ಒಳಗೆ ಸರಿದಿರುವ ಸಣ್ಣ ಊರು. ಅಲ್ಲಿಯ ಪ್ರಾರ್ಥನಾ ಮಂದಿರ ಇನ್ನೂ ಸಣ್ಣದು. ಪಾಸ್ಟರ್ ಖೇಡದಿಂದ ಬೈಕಿನ ಮೇಲೆ ಬರುತ್ತಾರೆ. ಪ್ರಸಂಗ ತೆಲುಗಿನಲ್ಲಿ, ಹಾಡು ಅರ್ಧ ತೆಲುಗು ಅರ್ಧ ಕನ್ನಡ, ಜಗಳ ಮಾತ್ರ ಪೂರ್ತಿ ಕನ್ನಡ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಇರುತ್ತದೆ. ಎಲ್ಲರೂ ಮುಂದೆ ಹೋಗಿ ಮೊಳಕಾಲೂರಿ ರೊಟ್ಟಿಯ ತುಣುಕು, ದ್ರಾಕ್ಷಾರಸ ತೆಗೆದುಕೊಳ್ಳುತ್ತೇವೆ.

ಅದರ ಹಿಂದಿನ ದಿನಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಬೇರೆ ಊರಲ್ಲಿ ನಾನು ಕಂಡಿಲ್ಲ. ಯಾರ ಜೊತೆ ಮನಸ್ಸು ಕೆಟ್ಟಿದೆಯೋ ಅವರ ಮನೆಗೆ ಶನಿವಾರ ಹೋಗಿ ಕುಡಿಯಲು ನೀರು ಕೇಳಬೇಕು. ಕೇಳಿದವರಿಗೆ ಇಲ್ಲ ಅನ್ನುವ ಹಾಗಿಲ್ಲ. ಯಾಕೆ ಬಂದೆ ಅಂತ ಕೇಳುವ ಹಾಗೂ ಇಲ್ಲ. ಕುಡಿದು ತಂಬಿಗೆ ಕೆಳಗಿಟ್ಟರೆ ಜಗಳ ಮುಗಿಯಿತು. ನೀರು ಕುಡಿಯದೆ ಭಾನುವಾರ ಮುಂದೆ ಹೋದರೆ ಯಾರೂ ತಡೆಯುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಊರಿಗೆಲ್ಲ ತಕರಾರು ತೆಗೆಯುವ ಹಿರಿಯರೊಬ್ಬರಿದ್ದರು. ಅವರು ಶನಿವಾರ ಮನೆಮನೆಯ ನೀರು ಕುಡಿದು ಭಾನುವಾರ ಪ್ರಸಂಗ ಮುಗಿಯುವ ತನಕ ಕೂರಲಾಗದೆ ನಡುನಡುವೆ ಎದ್ದು ಹೊರಗೆ ಹೋಗುತ್ತಿದ್ದರು.

ನಾನು ಜಹೀರಾಬಾದಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುತ್ತೇನೆ. ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆ, ಆದರೆ ಅವಳನ್ನು ನೋಡಿ ಪಾಪ ಅನ್ನುವವರು ಯಾರೂ ಇಲ್ಲ. ಅವಳ ತವರು ತಾಂಡೂರಿನ ಕಡೆ. ಮದುವೆಯಾಗಿ ಬರುವಾಗ ಸೆರಗಿನಲ್ಲಿ ಅಲ್ಲಿಯ ತೊಗರಿ ಬೀಜ ಕಟ್ಟಿಕೊಂಡು ಬಂದಳಂತೆ. ಇವತ್ತಿಗೂ ನಮ್ಮ ಹೊಲದಲ್ಲಿ ಅದರದೇ ಸಂತಾನ. ಆ ತೊಗರಿಯ ಮೇಲೆ ಅವಳಿಗೆ ನನ್ನ ಮೇಲಿರುವುದಕ್ಕಿಂತ ಒಂದು ತೂಕ ಹೆಚ್ಚು ಮಮತೆ. ಅವ್ವ ಪ್ರಾರ್ಥನೆ ಮಾಡುವವಳು ಅಂತ ಸುತ್ತಮುತ್ತ ಹೆಸರು. ಮಗುವಿಗೆ ಜ್ವರ ಬಂದರೆ ನಮ್ಮ ಪ್ರಾರ್ಥನಾ ಮಂದಿರದ ಸಂಘದವರಲ್ಲದವರೂ ಬಂದು ತಲೆಯ ಮೇಲೆ ಕೈ ಇಡಿಸಿಕೊಂಡು ಹೋಗುತ್ತಾರೆ. ಆದರೆ ಕೋಪ ಬಂದರೆ ಅವಳ ಬಾಯಿ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಆ ಬಾಯಿಯನ್ನು ಮಗಳಾದ ನನಗೂ ಕೊಟ್ಟಿದ್ದಾಳೆ.

ನಮ್ಮ ಹೊಲದ ಮಗ್ಗುಲಲ್ಲಿ ಮೇಲೋಣಿಯ ದೊಡ್ಡ ಮನೆಯವರ ಹೊಲ ಇದೆ. ಆ ಮನೆಯ ಹಿರಿ ಹೆಂಗಸನ್ನು ಊರೆಲ್ಲ ಗೌಡಸಾನಿ ಎನ್ನುತ್ತದೆ. ಅವರ ಎಮ್ಮೆ ನನಗೆ ಬುದ್ಧಿ ಬಂದಾಗಿನಿಂದ ನಮ್ಮ ತೊಗರಿ ಮೇಯುತ್ತ ಬಂದಿದೆ. ಎಮ್ಮೆಗಳು ಬದಲಾಗಿವೆ, ಮೇಯುವುದು ಬದಲಾಗಿಲ್ಲ. ಹೇಳಿದರೆ ಗೌಡಸಾನಿ, "ಎಮ್ಮಿಗಿ ಬದು ಗೊತ್ತಾಗ್ತದೇನ?" ಎಂದು ಸೆರಗು ಕೊಡವಿ ಹೋಗುವಳು. ಆ ಮನೆಯಲ್ಲಿ ಹಿಂದೆ ನಮ್ಮ ಓಣಿಯವರಿಗೆ ಬೊಗಸೆಗೆ ಮೇಲಿಂದ ನೀರು ಹೊಯ್ಯುತ್ತಿದ್ದರು. ಈಗ ಕಾಲ ಬದಲಾಗಿದೆ. ಕುಡಿದು ಎಸೆಯುವ ಪ್ಲಾಸ್ಟಿಕ್ ಗ್ಲಾಸು ಬಂದಿದೆ.

ಹೋದ ಡಿಸೆಂಬರಿಗೂ ಹಿಂದಿನ ಡಿಸೆಂಬರಿನಲ್ಲಿ, ತೊಗರಿ ಕಾಯಿ ಹಿಡಿದಿದ್ದಾಗ, ಎಮ್ಮೆ ಒಂದು ಮೂಲೆಯನ್ನೇ ನೆಲಸಮ ಮಾಡಿತು. ಅವ್ವ ಬದುವಿನ ಮೇಲೆ ನಿಂತು, ಗೌಡಸಾನಿಗೂ ಆಳುಗಳಿಗೂ ಕೇಳುವ ಹಾಗೆ, "ನನ್ನ ದೇವರ ನೋಡ್ತಾನ. ನಿಮ್ಮ ಎಮ್ಮಿ ಕೆಚ್ಚಲ ಬತ್ತಿ ಹೋಗ್ಲಿ" ಎಂದಳು. ವಾರ ತುಂಬುವುದರೊಳಗೆ ಎಮ್ಮೆಯ ಕೆಚ್ಚಲು ಬಾತು, ಹಾಲು ನಿಂತಿತು.

ಊರಿಗೆ ಇನ್ನೇನು ಬೇಕು? ಅವ್ವನ ಮಾತು ತಟ್ಟಿತು ಎಂದು ಬಾಯಿಂದ ಬಾಯಿಗೆ ಹರಡಿತು. ಎಮ್ಮೆ ನಮ್ಮ ಹೊಲದ ಕಡೆ ಮುಖ ಹಾಕುವುದು ನಿಂತಿತು. ಬೇರೆಯವರ ದನ, ಆಡು ಕೂಡ ನಮ್ಮ ಬದು ಕಂಡರೆ ಸುತ್ತು ಹಾಕಿ ಹೋಗತೊಡಗಿದವು. ಅಂಗಡಿಯವನು ಅವ್ವನಿಗೆ 'ರೀ' ಹಚ್ಚಿ ಮಾತಾಡಿದ. ನನಗಂತೂ ಹಿಗ್ಗೋ ಹಿಗ್ಗು. "ಅವ್ವಾ, ತಂತಿ ಬೇಲಿ ಹಾಕೋದು ತಪ್ತು ನೋಡು" ಎಂದು ನಕ್ಕೆ. ಅವಳು ನಗಲಿಲ್ಲ. ಒಲೆ ಊದುತ್ತ ಕೂತಳು.

ಜನವರಿಯ ಮೊದಲ ಭಾನುವಾರ ಕರ್ತನ ಭೋಜನಕ್ಕೆ ಎಲ್ಲರೂ ಎದ್ದು ಹೋದರೂ ಅವ್ವ ಹಿಂದೆ ಜಮಖಾನದ ಮೇಲೇ ಕೂತಿದ್ದಳು. ನಾನು ಕಂಡಂತೆ ಅವಳು ಮುಂದೆ ಹೋಗದೆ ಉಳಿದದ್ದು ಅದೇ ಮೊದಲು. ಆರಾಧನೆ ಮುಗಿದ ಮೇಲೆ ಪಾಸ್ಟರ್ ಹತ್ತಿರ ಬಂದು, ಅದು ಎಮ್ಮೆಗಳಿಗೆ ಬರುವ ಕೆಚ್ಚಲು ಬೇನೆ ತಾಯಿ, ನಿಮ್ಮ ಮಾತಿಗೂ ಅದಕ್ಕೂ ಏನು ಸಂಬಂಧ ಎಂದು ಸಮಾಧಾನ ಹೇಳಿದರು. "ಅದು ಬ್ಯಾನಿ ಅಂತ ನನಗೂ ಗೊತ್ತದರಿ" ಎಂದಳು ಅವ್ವ. "ನಾ ಬೇಡಿಕೊಂಡಿದ್ದು ಬ್ಯಾನಿ ಅಲ್ಲೇನ್ರಿ? ಯಾವ ಬಾಯಿಲಿಂದ ಕೂಸುಗಳಿಗಿ ಪ್ರಾರ್ಥನಿ ಮಾಡ್ತೀನೋ ಅದೇ ಬಾಯಿ."

ಫೆಬ್ರುವರಿಯ ಶನಿವಾರ ನಾನು ಬಸ್ಸಿಳಿದು ಮನೆಗೆ ಬಂದಾಗ ಅವ್ವ ತಲೆ ಬಾಚಿ, ಭಾನುವಾರದ ಬಿಳಿ ಸೀರೆ ಉಟ್ಟು ಸಿದ್ಧಳಾಗಿದ್ದಳು. ದೊಡ್ಡ ಮನೆಗೆ ಹೋಗಿ ನೀರು ಕೇಳುತ್ತೇನೆ ಎಂದಳು. ನನ್ನ ಪಿತ್ತ ನೆತ್ತಿಗೇರಿತು.

"ಅವರು ಸಂಘದವರಲ್ಲ. ಈ ಪದ್ಧತಿ ಅವರಿಗೆ ಗೊತ್ತೇ ಇಲ್ಲ."

"ಬೈದ ಬಾಯಿ ಸಂಘದ್ದೇ ಅಲ್ಲೇನ?"

"ನೀ ಹೋಗಿ ಗಲತಿ ನಂದು ಅಂದ್ರ ನಾಳಿಗೇ ಎಮ್ಮಿ ಹೊಲದಾಗ ಇರ್ತದ. ಈಗರ ಅಂಜತಾರ. ಒಂದು ಜನ್ಮದಾಗ ಈಗ ಅಂಜ್ಯಾರ."

"ಅದೇ ನನಗೂ ಅಂಜಿಕಿ" ಎಂದಳು ಅವ್ವ. "ತೊಗರಿ ಹೋಗ್ತದಂತ ಅಂಜಿಕಿ ಅದ. ನೀರ ಕೊಡದೆ ಹೊರಗ ಹಾಕಿದ್ರ ಹ್ಯಾಂಗಂತ ಅಂಜಿಕಿ ಅದ. ಅಂಜಿಕಿ ಹೋಗ್ಲಿ ಅಂತ ಒಂದ್ ತಿಂಗಳ ಕಾದೆ, ಹೋಗಲಿಲ್ಲ. ಇನ್ನ ಅಂಜಕೊಂತನೇ ಹೋಗ್ಬೇಕು. ಅವಾ ಹೋಗು ಅಂದಾನ."

ಅವಳ ಮಾತಿನಲ್ಲಿ 'ಅವಾ' ಎಂದರೆ ದೇವರು. ಸಿಟ್ಟು ಉಕ್ಕುತ್ತಿದ್ದರೂ ಒಬ್ಬಳನ್ನೇ ಕಳಿಸಲು ಮನಸ್ಸು ಬಾರದೆ ಹಿಂದೆ ಹೋದೆ.

ಗೌಡಸಾನಿ ಅಂಗಳದಲ್ಲಿ ಕೂತಿದ್ದಳು. ಎಮ್ಮೆ ಒಂದು ಕಡೆ ತಲೆ ಜೋತುಹಾಕಿ ನಿಂತಿತ್ತು. ಅವ್ವನನ್ನು ಕಂಡದ್ದೇ ಗೌಡಸಾನಿ ಎದ್ದು ನಿಂತಳು. ಆ ಹೆಂಗಸು ನಮ್ಮ ಓಣಿಯವರಿಗಾಗಿ ಎದ್ದದ್ದನ್ನು ನಾನು ಕಂಡಿರಲಿಲ್ಲ. ಕಾಯುತ್ತಿದ್ದವಳ ಹಾಗೆ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕುಪ್ಪಸದ ಕಣ, ಒಂದು ತೆಂಗಿನಕಾಯಿ ಇಟ್ಟುಕೊಂಡು ಬಂದಳು. "ಬರೋಬರಿ ಬಂದಿ. ಇದನ ತಗೋ. ನಿನ್ನ ಮಾತ ತಿರುಗಿ ತಗೋ, ಎಮ್ಮಿ ಉಳಿಲಿ" ಎಂದಳು.

ತಗೋ ಅವ್ವಾ, ತಗೋ, ಎಂದು ಒಳಗೊಳಗೇ ಅಂದುಕೊಂಡೆ. ಏನೂ ಹೇಳಬೇಕಾಗಿಲ್ಲ. ಎಮ್ಮೆಯ ಮೇಲೆ ಕೈ ಇಟ್ಟು ಎರಡು ಮಾತು ಗುನುಗಿ ಅಕ್ಕಿ ತಂದರೆ ಸಾಕು, ಈ ಊರು ನಮಗೆ ಸಾಯುವ ತನಕ ಬಗ್ಗಿ ನಡೆಯುತ್ತದೆ.

ಅವ್ವ ಮೊರ ಮುಟ್ಟಲಿಲ್ಲ. "ನನ್ನ ಮಾತಿಗಿ ಅಂಥ ತಾಕತ್ ಇಲ್ರಿ. ಎಮ್ಮಿಗಿ ಕೆಚ್ಚಲ ಬ್ಯಾನಿ ಆಗ್ಯಾದ, ಡಾಕ್ಟರ್‌ನ ಕರಸ್ರಿ. ಅದು ನಾಳಿ ಮತ್ತ ನಮ್ಮ ಹೊಲಕ ಬಂದ್ರೂ ಅದಕ ಏನೂ ಆಗಂಗಿಲ್ಲ."

ಗೌಡಸಾನಿ ಅವ್ವನ ಮುಖವನ್ನೇ ನೋಡಿದಳು. ಭಯ ಇಳಿದು ಹೋಗುವುದು ಅವಳ ಮುಖದಲ್ಲಿ ಕಂಡಿತು. ಅದು ಇಳಿದ ಹಾಗೆಲ್ಲ ಹಳೆಯ ಗೌಡಸಾನಿ ತಿರುಗಿ ಬಂದಳು. ಮೊರವನ್ನು ಕಟ್ಟೆಯ ಮೇಲಿಟ್ಟು, "ಹಂಗಾದ್ರ ಯಾಕ ಬಂದಿ?" ಎಂದಳು.

"ದೇವರ ಹೆಸರ ಹಿಡದು ನಿಮಗ ಕೆಟ್ಟದಾಗ್ಲಿ ಅಂದೆ. ಅದು ನಂದು ಗಲತಿ. ಮಾಫ್ ಮಾಡ್ರಿ. ಜರಾ ಕುಡಿಯಾಕ ನೀರ ಕೊಡ್ರಿ."

ಗೌಡಸಾನಿ ಒಳಗೆ ಹೋದಳು. ಬಂದಾಗ ಕೈಯಲ್ಲಿ ಪ್ಲಾಸ್ಟಿಕ್ ಗ್ಲಾಸಿತ್ತು. ಅದನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಅವ್ವ ಎತ್ತಿಕೊಂಡು ಕೊನೆಯ ಹನಿಯವರೆಗೆ ಕುಡಿದಳು. ಖಾಲಿ ಗ್ಲಾಸನ್ನು ಅಲ್ಲಿ ಎಸೆಯದೆ ಕೈಯಲ್ಲೇ ಹಿಡಿದು ಮನೆಗೆ ತಂದು ಬೂದಿಗುಂಡಿಗೆ ಹಾಕಿದಳು. ದಾರಿಯುದ್ದಕ್ಕೂ ಅವಳ ಹೆಜ್ಜೆ ಹಗುರವಾಗಿತ್ತು, ನನಗೆ ಅವಳ ಜೊತೆ ನಡೆಯಲು ಕಷ್ಟವಾಯಿತು. ಮರುದಿನ ಎಲ್ಲರಿಗಿಂತ ಮೊದಲು ಎದ್ದು ಹೋಗಿ ಮೊಳಕಾಲೂರಿದಳು, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು, ಶ್ರುತಿ ತಪ್ಪಿಸಿಯೇ.

ಆ ದಿನ ಜಮಖಾನದ ಮೇಲೆ ಉಳಿದವಳು ನಾನು. ನನ್ನ ಮನಸ್ಸಿನಲ್ಲಿ ಆ ಪ್ಲಾಸ್ಟಿಕ್ ಗ್ಲಾಸು ಕೂತುಬಿಟ್ಟಿತ್ತು. ಹಾಗಿಟ್ಟುಕೊಂಡು ಮುಂದೆ ಹೋಗುವಷ್ಟು ಗಟ್ಟಿ ಮುಖ ನನ್ನದಲ್ಲ, ಮೇಲೋಣಿಗೆ ಹೋಗಿ ನೀರು ಕೇಳುವಷ್ಟು ಮೆದು ಮನಸ್ಸೂ ನನ್ನದಲ್ಲ. ತಿಂಗಳು ತಿಂಗಳು ಹಾಗೇ ಕೂತೆ. ಅವ್ವ ಒಂದು ದಿನವೂ ಕೇಳಲಿಲ್ಲ. ನನ್ನನ್ನು ಕಾಡಿದ್ದೇ ಅದು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಡಾಕ್ಟರ್ ಬಂದು ಸೂಜಿ ಹಾಕಿದ ಮೇಲೆ ಎಮ್ಮೆ ಹುಷಾರಾಯಿತು. ಹುಷಾರಾದ ಎಮ್ಮೆ ಏನು ಮಾಡುತ್ತದೋ ಅದನ್ನೇ ಮಾಡಿತು. ಹೋದ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಮುಗಿದ ಮೇಲೆ ನಾನು ರಜೆ ಹಾಕಿ ಊರಲ್ಲೇ ಇದ್ದಾಗ, ಕಾಯಿ ಹಿಡಿದ ತೊಗರಿಯ ನಡುವೆ ಅದರ ಕಪ್ಪು ಬೆನ್ನು ಕಂಡಿತು. "ನಾ ಹೇಳಿರಲಿಲ್ಲೇನ?" ಎಂದೆ ಅವ್ವನಿಗೆ. ಒಳಗೆ ಸಂಕಟವಾದರೂ ಹೇಳಿದ ಮಾತು ನಿಜವಾದ ಖುಷಿಯೂ ಇತ್ತು. ಅವ್ವ ಕೋಲು ಹಿಡಿದು ಓಡಿದಳು. ಎಮ್ಮೆಯನ್ನು, ಅದರ ತಾಯಿಯನ್ನು, ಅದರ ಏಳು ತಲೆಮಾರನ್ನು ಹೆಸರಿಟ್ಟು ಬೈದಳು. ದೇವರ ಹೆಸರೊಂದನ್ನು ಮಾತ್ರ ಎಳೆದು ತರಲಿಲ್ಲ. ಎಮ್ಮೆಯನ್ನು ಹಿಡಿದು ತಂದು ನಮ್ಮ ಹಿತ್ತಲಲ್ಲಿ ಕಟ್ಟಿ, ಅದಕ್ಕೆ ಕುಡಿಯಲು ನೀರಿಟ್ಟು, ಏನೂ ಆಗದವಳ ಹಾಗೆ ಅಂಗಳದಲ್ಲಿ ಕಾಳು ಹಸನು ಮಾಡಲು ಕೂತಳು.

ಬಿಸಿಲು ಏರಿದಾಗ ಗೌಡಸಾನಿ ಬಂದಳು. ಆಳನ್ನು ಕಳಿಸದೆ ತಾನೇ ಹಗ್ಗ ಹಿಡಿದು ಬಂದಿದ್ದಳು. ನಮ್ಮ ಓಣಿಯಲ್ಲಿ ಅವಳನ್ನು ಕಂಡ ನೆನಪು ನನಗಿಲ್ಲ. ಬೇವಿನ ಗಿಡದ ನೆರಳಿಗೆ ನಿಂತು ಬೆವರು ಒರೆಸಿಕೊಂಡು, "ಎಮ್ಮಿ ಭಾಳ ತಿಂದದೇನ?" ಎಂದಳು. "ಒಂದ್ ಸಾಲ ತಿಂದದರಿ" ಎಂದಳು ಅವ್ವ. ಗೌಡಸಾನಿ ನನ್ನ ಕಡೆ ತಿರುಗಿ, "ಮಗಳ, ಕುಡಿಯಾಕ ನೀರ ಕೊಡವಾ" ಎಂದಳು.

ಒಳಗೆ ಹೋದೆ. ಕ್ರಿಸ್ಮಸ್ ದಿನ ಬಂದವರಿಗೆ ಚಹಾ ಕೊಟ್ಟು ಮಿಕ್ಕಿದ ಪ್ಲಾಸ್ಟಿಕ್ ಗ್ಲಾಸುಗಳು ಗೋಡೆಯ ಮಾಡದಲ್ಲಿ ಒಂದರೊಳಗೊಂದು ಇದ್ದವು. ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಒಂದನ್ನು ಬಿಡಿಸಿಕೊಂಡೆ. ಎಷ್ಟು ಸರಿಯಾದ ಉತ್ತರ! ಬಾಯಿ ಬಿಡುವ ಅಗತ್ಯವೂ ಇಲ್ಲ. ಪಕ್ಕದಲ್ಲಿ ಕೊಡದ ಮೇಲೆ ಅವ್ವನ ಹಿತ್ತಾಳೆ ತಂಬಿಗೆ ಇತ್ತು, ಅವಳು ದಿನಾ ಕುಡಿಯುವುದು. ಅದರಲ್ಲಿ ಕೊಟ್ಟರೆ ಗೌಡಸಾನಿ ಮುಟ್ಟದೆ ಹೋದರೆ? ಅಥವಾ ಎತ್ತರಕ್ಕೆ ಹಿಡಿದು, ತುಟಿಗೆ ತಾಗದ ಹಾಗೆ ಗಂಟಲಿಗೆ ಸುರಿದುಕೊಂಡು ತಿರುಗಿ ಕೊಟ್ಟರೆ? ನಮ್ಮ ಅಂಗಳದಲ್ಲೇ, ಅವ್ವನ ಎದುರಿಗೇ? ನನಗೆ ನಿಜಕ್ಕೂ ಅಂಜಿಕೆಯಾಯಿತು. ಬಿಳಿ ಸೀರೆ ಉಟ್ಟು ಆ ಕಟ್ಟೆಯ ಮುಂದೆ ನಿಂತಿದ್ದ ಅವ್ವನಿಗೆ ಏನಾಗಿತ್ತು ಎಂಬುದು ಆಗ ಗೊತ್ತಾಯಿತು. ಕೇಳಿದವರಿಗೆ ನೀರು ಕೊಡು ಎಂದು ನನಗೆ ಮತ್ತೆ ಯಾರೂ ಹೇಳಬೇಕಾಗಿರಲಿಲ್ಲ. ಒಳಗೆ ನನ್ನನ್ನು ನೋಡುವವರು ಯಾರೂ ಇರಲಿಲ್ಲ, ಅವ್ವ 'ಅವಾ' ಎನ್ನುವವನ ಹೊರತು.

ಗ್ಲಾಸನ್ನು ಮಾಡದಲ್ಲಿಟ್ಟು ತಂಬಿಗೆ ತುಂಬಿಕೊಂಡು ಹೊರಗೆ ಬಂದೆ.

ಗೌಡಸಾನಿ ತಂಬಿಗೆ ನೋಡಿದಳು. ಅವ್ವನನ್ನು ನೋಡಿದಳು. ಅವ್ವ ತಲೆ ಎತ್ತದೆ ಕಲ್ಲು ಹೆಕ್ಕುತ್ತಿದ್ದಳು. ಗೌಡಸಾನಿ ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ತುಟಿ ಹಚ್ಚಿ, ನಿಧಾನವಾಗಿ ಕುಡಿದಳು. "ಬೋರಿಂದೇನ? ಸವಿ ಅದ" ಎಂದಳು. ಅವ್ವ, "ಎಮ್ಮಿ ಹಿಂದ ಕಟ್ಟೀನ್ರಿ, ಒಯ್ರಿ" ಎಂದಳು. ಅಷ್ಟೇ ಮಾತು. ನಮ್ಮ ಪದ್ಧತಿ ಗೊತ್ತಿದ್ದು ಕೇಳಿದಳೋ, ಬಿಸಿಲಿಗೆ ಬಾಯಾರಿ ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಪದ್ಧತಿಯ ಪ್ರಕಾರ ಕೇಳುವ ಹಾಗೂ ಇಲ್ಲ.

ಎಮ್ಮೆ ಆಮೇಲೂ ಒಮ್ಮೆ ಬಂದಿತ್ತು. ಅದರ ಹಿಂದೆ ಗೌಡಸಾನಿಯೇ ಕೂಗುತ್ತ ಬಂದು ಹೊಡೆದುಕೊಂಡು ಹೋದಳು.

ಜನವರಿಯ ಮೊದಲ ಭಾನುವಾರ ಪಾಸ್ಟರ್ ಕರೆದಾಗ ಜಮಖಾನದ ಮೇಲಿಂದ ನಾನೂ ಎದ್ದೆ. ಮುಂದೆ ಸಾಲು ತುಂಬಿತ್ತು. ಅವ್ವ ಕಣ್ಣು ಮುಚ್ಚಿ ಮೊಳಕಾಲೂರಿದ್ದಳು. ನಾನು ಬಂದದ್ದನ್ನು ತಿರುಗಿ ನೋಡಲಿಲ್ಲ. ನನ್ನ ಹೆಜ್ಜೆಯ ಸಪ್ಪಳಕ್ಕೆ ತುಸು ಪಕ್ಕಕ್ಕೆ ಸರಿದು ಜಾಗ ಮಾಡಿದಳು.