ಬೊನಿಫಾಸ್ ಮೇಸ್ತ್ರಿಯ ಹೊರಗಟ್ಟೆ

ಕದ್ರಿ ಗುಡ್ಡೆಯಿಂದ ಪೇಟೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ, ಐವತ್ತರ ದಶಕದಲ್ಲಿ ಎದ್ದ ಕಂಪೌಂಡ್ ಗೋಡೆಗಳೆಲ್ಲ ಬೊನಿಫಾಸ್ ಮೇಸ್ತ್ರಿಯವು. ಕಟ್ಟಿಸಿದವರು ಯಾರೇ ಇರಲಿ, ಗೋಡೆ ಮಾತ್ರ ಬೊನಿಫಾಸನದು ಎಂದು ಊರು ಹೇಳುತ್ತಿತ್ತು. ಅವನೂ ಹಾಗೆಯೇ ತಿಳಿದಿದ್ದ. ಮುರಕಲ್ಲಿನ, ಎಂದರೆ ಜಂಬಿಟ್ಟಿಗೆಯ ಗೋಡೆ, ಮೇಲೆ ಸುಣ್ಣದ ಗಾರೆ, ನೆತ್ತಿಗೆ ಮಳೆನೀರು ನಿಲ್ಲದಂತೆ ಹಂಚಿನ ಸಾಲು. ಇಷ್ಟನ್ನು ಯಾವ ಮೇಸ್ತ್ರಿಯೂ ಮಾಡಿಯಾನು. ಬೊನಿಫಾಸನ ಗೋಡೆಗೆ, ಯಾರೂ ಕೇಳದಿದ್ದರೂ, ಇನ್ನೊಂದು ಅಂಗ ಇರುತ್ತಿತ್ತು. ಓಣಿಯ ಕಡೆಗೆ, ಗೋಡೆಯ ಹೊರಮೈಗೆ ಅಂಟಿಕೊಂಡು, ಮೊಣಕಾಲೆತ್ತರದ ಆರಡಿ ಉದ್ದದ ಒಂದು ಕಟ್ಟೆ. ಅದಕ್ಕೆ ಕೆಂಪು ಕಾವಿ ಬಳಿದು, ಮುಖ ಕಾಣುವಷ್ಟು ನುಣುಪಾಗಿ ತಿಕ್ಕುತ್ತಿದ್ದ.

ಬಂದರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಉಸ್ಮಾನ್ ಸಾಹೇಬರು ಐವತ್ತೆರಡರಲ್ಲಿ ತಮ್ಮ ಹೊಸ ಮನೆಗೆ ಗೋಡೆ ಕಟ್ಟಿಸಿದಾಗ ಕಟ್ಟೆ ನೋಡಿ ಹುಬ್ಬೇರಿಸಿ, ಊರಲ್ಲಿ ಕ್ರಿಸ್ತುವರನ್ನು ಕರೆಯುವ ರೂಢಿಯಂತೆ ಕರೆದರು.

"ಪೊರ್ಬುಗಳೇ, ನಾನು ಹೇಳಿದ್ದು ಗೋಡೆ. ಇದೆಂತ?"

"ಕಟ್ಟೆ. ದಾರಿಯಲ್ಲಿ ಹೋಗುವವರಿಗೆ."

"ಹೋಗುವವರು ಹೋಗ್ಲಿ ಮಾರಾಯ್ರೇ, ಕೂರುವುದು ಎಂತಕ್ಕೆ?"

"ಒಡೆದ ಕಲ್ಲಿನಲ್ಲಿ ಕಟ್ಟಿದ್ದು ಸಾಹೇಬ್ರೇ, ನಿಮ್ಮ ಹೊಸ ಕಲ್ಲು ಒಂದೂ ಹೋಗ್ಲಿಲ್ಲ. ಕಟ್ಟೆ ಬೇಡಾಂತಾದ್ರೆ ಗೋಡೆಯನ್ನೂ ಬೇರೆಯವರ ಹತ್ರ ಕಟ್ಟಿಸಿ."

ಅಂಥ ಗೋಡೆ ಬೇರೆಯವರ ಕೈಯಿಂದ ಏಳುವುದಿಲ್ಲ ಎಂದು ಉಸ್ಮಾನರಿಗೆ ಗೊತ್ತಿತ್ತು. ಗೊಣಗಿಕೊಂಡೇ ಒಳಗೆ ಹೋದರು.

ಕಟ್ಟೆಯ ಜಾಗವನ್ನು ಬೊನಿಫಾಸ್ ಅಳತೆಪಟ್ಟಿಯಿಂದ ನಿಶ್ಚಯಿಸುತ್ತಿರಲಿಲ್ಲ. ಕೆಲಸ ಹಿಡಿಯುವ ಮುಂಚೆ ಎರಡು ಬೆಳಿಗ್ಗೆ ಓಣಿಯಲ್ಲಿ ಹೊರೆ ಹೊತ್ತವರ ಹಿಂದೆ ಸುಮ್ಮನೆ ನಡೆಯುತ್ತಿದ್ದ. ಮೀನಿನ ಬುಟ್ಟಿ ಹೊತ್ತು ಬಂದರಿನಿಂದ ಏರಿ ಬರುವ ಗುಲಾಬಿ ಎಲ್ಲಿ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾಳೋ ಅಲ್ಲಿಗೆ ಸುಣ್ಣದ ಗೆರೆ. ಕಟ್ಟೆಯ ಪಕ್ಕದ ಗೋಡೆಯನ್ನು ಅವಳ ಹೆಗಲೆತ್ತರಕ್ಕೇ ನಿಲ್ಲಿಸುತ್ತಿದ್ದ, ಬುಟ್ಟಿ ತಲೆಯಿಂದ ಗೋಡೆಗೆ ತಾನಾಗಿ ಜಾರಬೇಕು, ಇಳಿಸಲು ಇನ್ನೊಬ್ಬರನ್ನು ಕೂಗಬಾರದು ಎಂದು. "ಮೇಸ್ತ್ರಿ ನನ್ನ ಹಿಂದೆ ಬಿದ್ದಿದ್ದಾರೆ" ಎಂದು ಗುಲಾಬಿ ಊರಿಡೀ ನಗಾಡಿಕೊಂಡು ಹೇಳಿದಳು. ಬೊನಿಫಾಸನ ಹೆಂಡತಿ ಅಪೊಲೋನಿಯಾ ನಗಲಿಲ್ಲ. ಸ್ವಂತ ಮನೆಯ ಮುರಿದ ಮೆಟ್ಟಲು ತೋರಿಸಿ, "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು.

ಅವನ ಹಟಕ್ಕೆ ಕಾರಣ ಇತ್ತು. ತಾಯಿ ರೊಸಾಲಿನ್ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊತ್ತವಳು. ಒಂದು ಸಂಜೆ ಏರಿನಲ್ಲಿ ದಣಿದು ದೊಡ್ಡ ಮನೆಯೊಂದರ ಗೇಟಿನ ಮೆಟ್ಟಲ ಮೇಲೆ ಕೂತಿದ್ದಳು. ಒಳಗಿನಿಂದ ಬಂದ ಆಳು "ಏಳು, ಏಳು, ಇದು ಕೂರುವ ಜಾಗ ಅಲ್ಲ" ಎಂದು ಕೋಳಿಯನ್ನು ಅಟ್ಟಿದ ಹಾಗೆ ಅಟ್ಟಿದ. ಏಳು ವರ್ಷದ ಬೊನಿಫಾಸ್ ತಾಯಿಯ ಸೆರಗು ಹಿಡಿದು ನಿಂತಿದ್ದ. ಆ ಅವಮಾನ ಅವನನ್ನು ಸುಟ್ಟಿತು, ಮೇಸ್ತ್ರಿಯಾದ ಮೇಲೂ ಆರಲಿಲ್ಲ. ಯಾರೂ ಏಳು ಎನ್ನಲಾಗದ ಜಾಗ ಈ ಊರಿನಲ್ಲಿ ಇರಬೇಕು, ಅದನ್ನು ನಾನೇ ಕಟ್ಟುತ್ತೇನೆ ಎಂದು ನಿಶ್ಚಯಿಸಿದ್ದ.

ಅರವತ್ತೊಂದರ ಹೊತ್ತಿಗೆ ಓಣಿಯಲ್ಲಿ ಹದಿನಾಲ್ಕು ಕಟ್ಟೆಗಳಾದವು. ಬಿಳಿ ಗೋಡೆ, ಕೆಂಪು ಕಟ್ಟೆ, ಮೇಲಿಂದ ಬಾಗಿದ ದಾಸವಾಳ. ಬೇರೆ ಕೇರಿಯವರು ಸುತ್ತು ಬಳಸಿ ಇದೇ ದಾರಿಯಲ್ಲಿ ಹೋಗತೊಡಗಿದರು. ಬೊಂಬಾಯಿಯಿಂದ ಬಂದ ಕಾಗದವನ್ನು ಅಲ್ಲೇ ಓದಿಸಿಕೊಂಡರು, ಮದುವೆಯ ಮಾತು ಅಲ್ಲೇ ಎತ್ತಿದರು. ವರ್ಷಗಟ್ಟಲೆ ಮುಖ ತಿರುಗಿಸಿದ್ದ ಇಬ್ಬರು ನೆರೆಯವರು ಒಂದೇ ಕಟ್ಟೆಯ ಎರಡು ತುದಿಯಲ್ಲಿ ಕೂತು ಕೂತು, ಕಡೆಗೆ ಬೀಡಿಗೆ ಬೆಂಕಿ ಕೇಳುವಷ್ಟು ಹತ್ತಿರ ಬಂದರು.

ಆಗ ಮುನಿಸಿಪಾಲಿಟಿಯ ಓವರ್‌ಸಿಯರ್ ಬಂದ. ಟೇಪು ಹಿಡಿದು ಅಳೆದು, ಹದಿನಾಲ್ಕು ಕಟ್ಟೆಗಳೂ ಸಾರ್ವಜನಿಕ ರಸ್ತೆಯ ಒತ್ತುವರಿ, ಹದಿನೈದು ದಿನದಲ್ಲಿ ಒಡೆಯಬೇಕು ಎಂದ. ಬೊನಿಫಾಸ್ ಕೂಗಾಡಲಿಲ್ಲ. ನಿಯಮವನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ ಎಂದು ಕೇಳಿಕೊಂಡ. ಓವರ್‌ಸಿಯರ್ ಓದಿದ. ಕೊನೆಗೆ ಒಂದು ಸಾಲು ಬಂತು: ಗೇಟಿನ ಮುಂದೆ ಒಂದೂವರೆ ಅಡಿಗೆ ಮೀರದೆ ಚಾಚಿದ ಒಂದು ಮೆಟ್ಟಲಿಗೆ ಅಡ್ಡಿಯಿಲ್ಲ.

ಬೊನಿಫಾಸನ ಕಟ್ಟೆಗಳ ಅಗಲ ಒಂದೂಕಾಲು ಅಡಿ.

ಓವರ್‌ಸಿಯರ್ ಚಾಪೆಯಡಿ ನುಸುಳಿದರೆ ಇವನು ರಂಗೋಲಿಯಡಿ ನುಸುಳುವವನು. ಮರುದಿನವೇ ಮನೆಮನೆಗೆ ಹೋಗಿ, ಕಟ್ಟೆಯ ಮೇಲಿನ ಗೋಡೆಯಲ್ಲಿ ಎರಡಡಿ ಅಗಲ ಕತ್ತರಿಸಿ ಚಿಕ್ಕ ಮರದ ಗೇಟು ಇಡುತ್ತೇನೆ, ಕೂಲಿ ಬೇಡ ಎಂದ. ಹದಿಮೂರು ಮನೆಯವರು ಹೂಂ ಎಂದರು. ಉಸ್ಮಾನ್ ಸಾಹೇಬರು ಬಹಳ ಯೋಚಿಸಿ ಕಡೆಗೆ ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು.

"ಹಾಗಾದ್ರೆ ಅದಿನ್ನು ಕಟ್ಟೆ ಅಲ್ಲ, ನನ್ನ ಗೇಟಿನ ಮೆಟ್ಟಲು. ಅಲ್ಲಿ ಯಾರು ಕೂರಬೇಕು, ಯಾರು ಏಳಬೇಕು, ಅದನ್ನು ನಾನು ಹೇಳ್ತೇನೆ. ಸರಿಯಾ?"

ಬೊನಿಫಾಸ್ ಕಟ್ಟೆಯನ್ನೊಮ್ಮೆ ನೋಡಿದ. ಕಲ್ಲು ಉಳಿಸಲು ಹೋಗಿ ಕೂರುವ ಹಕ್ಕನ್ನೇ ಬಿಟ್ಟುಕೊಟ್ಟೆನೇ? ಆದರೂ ಒಡೆದರೆ ಏನೂ ಉಳಿಯುವುದಿಲ್ಲ. "ಸರಿ" ಎಂದು ಉಳಿ ಎತ್ತಿಕೊಂಡ.

ಹದಿನಾರನೆಯ ದಿನ ಓವರ್‌ಸಿಯರ್ ಬಂದು ಕಣ್ಣರಳಿಸಿದ. "ಆರಡಿ ಉದ್ದದ ಮೆಟ್ಟಲು ಎಲ್ಲಿಯಾದರೂ ಉಂಟಾ?"

"ಅಗಲ ಬರೆದಿದ್ದೀರಿ ಸಾರ್, ಉದ್ದ ಬರೀಲಿಲ್ಲ."

ಓವರ್‌ಸಿಯರ್ ನಿಯಮದ ಪುಸ್ತಕವನ್ನು ಹಿಂದೆ ಮುಂದೆ ತಿರುವಿದ. ಆಮೇಲೆ ನಕ್ಕುಬಿಟ್ಟ, ನಗದೆ ಬೇರೆ ದಾರಿ ಇರಲಿಲ್ಲ.

ಓಣಿ ಗೆದ್ದಿತು ಎಂದು ಎಲ್ಲರೂ ಬೆನ್ನು ತಟ್ಟಿದರು. ಬೊನಿಫಾಸನಿಗೆ ಮಾತ್ರ ಉಸ್ಮಾನರ ಮಾತು ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು. ಹೊಸ ಗೇಟುಗಳಿಗೆ ಎಣ್ಣೆ ಹಾಕುವ ನೆಪದಲ್ಲಿ ದಿನಾ ಬೆಳಿಗ್ಗೆ ಓಣಿಗೆ ಬಂದು ನೋಡುತ್ತಿದ್ದ.

ಉಸ್ಮಾನರ ಚಿಕ್ಕ ಗೇಟು ಸರಿಯಾಗಿ ಅಡುಗೆಮನೆಯ ಬಾಗಿಲಿಗೆ ಎದುರಾಗಿತ್ತು. ಅವರ ತಾಯಿ ಐಸಮ್ಮನಿಗೆ ಮೊಣಕಾಲು ನೋವು. ದೊಡ್ಡ ಗೇಟಿನವರೆಗೆ ಅಂಗಳ ಸುತ್ತಿ ನಡೆಯಲಾಗದೆ, ಒಂಬತ್ತು ವರ್ಷ ಗೋಡೆಯಾಚೆಯ ಮಾತುಗಳನ್ನು ಒಳಗಿಂದಲೇ ಕೇಳಿದ್ದವರು. ಈಗ ಎಂಟೇ ಹೆಜ್ಜೆ. ಮೊದಲ ದಿನ ಗೇಟಿನೊಳಗೆ ನಿಂತು ಗುಲಾಬಿಯ ಹತ್ತಿರ ಬಂಗುಡೆಗೆ ಚೌಕಾಶಿ ಮಾಡಿದರು. ಮೂರನೆಯ ದಿನ ಪಕ್ಕದಲ್ಲೇ ಕೂತರು. ವಾರ ಕಳೆಯುವುದರೊಳಗೆ ಮೀನು ಕೊಳ್ಳುವುದು ನೆಪವಾಯಿತು. ಗುಲಾಬಿಗೆ ಚಹಾ ಬಂತು, ಇಬ್ಬರ ನಗು ಓಣಿಯ ತಿರುವಿನವರೆಗೆ ಕೇಳಿಸಿತು.

ಅಂಥದೇ ಒಂದು ಬೆಳಿಗ್ಗೆ ಐಸಮ್ಮ ಲೋಟ ಹಿಡಿದು ಒಳಗೆ ಹೋಗಿದ್ದರು. ಕಟ್ಟೆಯಲ್ಲಿ ಗುಲಾಬಿ ಒಬ್ಬಳೇ. ಗೇಟು ಕಿರ್ರೆಂದಿತು. ಬಿಳಿ ಮುಂಡು, ಕಂಕುಳಲ್ಲಿ ಕೊಡೆ, ಉಸ್ಮಾನ್ ಸಾಹೇಬರು ಮಂಡಿಗೆ ಹೊರಟಿದ್ದರು. ಗುಲಾಬಿ ಗಡಬಡಿಸಿ ಬುಟ್ಟಿಗೆ ಕೈಹಾಕಿ ಎದ್ದಳು. ಎದುರು ಗೇಟಿನ ಹತ್ತಿರ ಎಣ್ಣೆಯ ಡಬ್ಬಿ ಹಿಡಿದಿದ್ದ ಬೊನಿಫಾಸ್ ಕೆಲಸ ಬಿಟ್ಟು ಇತ್ತ ತಿರುಗಿದ.

"ಎಂತಕ್ಕೆ ಏಳುವುದು?" ಎಂದರು ಉಸ್ಮಾನ್. "ಕೂತ್ಕೊಳ್ಳಿ ಗುಲಾಬಕ್ಕ. ನಾನು ನಿಮ್ಮನ್ನು ಏಳಿಸಿದೆ ಅಂತ ಉಮ್ಮನಿಗೆ ಗೊತ್ತಾದ್ರೆ ಇವತ್ತು ನನಗೆ ಊಟ ಇಲ್ಲ."

ಚಿಕ್ಕ ಗೇಟನ್ನು ಮೆಲ್ಲಗೆ ಎಳೆದುಕೊಂಡರು. ಇಡೀ ಅಂಗಳ ಸುತ್ತಿ, ದೊಡ್ಡ ಗೇಟಿನಿಂದ ಹೊರಬಂದು, ಬೆವರು ಒರೆಸಿಕೊಳ್ಳುತ್ತ ಬೊನಿಫಾಸನ ಎದುರು ನಿಂತರು.

"ಒಳ್ಳೆ ಗೇಟು ಇಟ್ರಿ ಪೊರ್ಬುಗಳೇ! ತಿಂಗಳಾಯ್ತು, ಅದರಲ್ಲಿ ಒಂದು ದಿನವೂ ಹೊರಗೆ ಹೋಗ್ಲಿಕ್ಕೆ ನನಗೆ ಆಗ್ಲಿಲ್ಲ ಮಾರಾಯ್ರೇ. ಯಾವಾಗ ನೋಡಿದ್ರೂ ಯಾರಾದ್ರೂ ಕೂತಿರ್ತಾರೆ!"