ಏಳನೆಯ ಹುಣಸೆಬೀಜ

ಪಾಪಗಳನ್ನು ಎಣಿಸಲು ನಾನು ಕಲಿತದ್ದು ಹುಣಸೆಬೀಜಗಳಿಂದ. ಸ್ಲೇಟಿನ ಮೇಲೆ ಕೂಡಿಸುವುದು ಕಳೆಯುವುದು ಬರುವ ಮೊದಲೇ ಅದು ಬಂದಿತ್ತು.

ಜೇವರ್ಗಿ ತಾಲೂಕಿನಲ್ಲಿ, ಕೊಳಕೂರಿನ ಆಚೆ, ನಮ್ಮ ಹತ್ತು ಹನ್ನೆರಡು ಮನೆಗಳ ಕೇರಿ. ಕೇರಿಯ ಕೊನೆಗೆ ಮಣ್ಣಿನ ಗೋಡೆಯ, ತಗಡು ಹೊದಿಸಿದ ಒಂದು ಕೋಣೆ. ಅದೇ ನಮ್ಮ ಚರ್ಚು. ಅದರ ಮುಂದಿನ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ, ಅಪ್ಪ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುತ್ತಿದ್ದ. ಅಪ್ಪ ಅಲ್ಲಿಯ ಉಪದೇಶಿ. ಫಾದರ್ ಇರುತ್ತಿದ್ದುದು ಗುಲಬರ್ಗಾದಲ್ಲಿ. ತಿಂಗಳಿಗೊಮ್ಮೆ, ಭೀಮೆ ಹೊಳೆ ತುಂಬಿದರೆ ಎರಡು ತಿಂಗಳಿಗೊಮ್ಮೆ, ಎತ್ತಿನ ಗಾಡಿಯಲ್ಲಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ದೇವರಿಗೂ ನಮಗೂ ನಡುವೆ ಇದ್ದವನು ಅಪ್ಪನೊಬ್ಬನೇ. ದೊಡ್ಡ ಲಡಾಯಿ ಶುರುವಾಗಿ ಸೀಮೆಎಣ್ಣೆ ಸಿಗದೆ ಚರ್ಚಿನ ಲಾಟೀನು ಸುಮ್ಮನೆ ತೂಗುತ್ತಿದ್ದ ವರ್ಷಗಳವು. ನನಗೆ ಎಂಟು ತುಂಬಿತ್ತು, ಚರ್ಚಿನ ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದ ಪಡೆಯುವ ಫಸ್ಟ್ ಕಮ್ಯುನಿಯನ್ ಸಮೀಪಿಸಿತ್ತು.

ಅದಕ್ಕೆ ಮೊದಲು ಕನ್ಫೆಶನ್ ಮಾಡಬೇಕು, ಮಾಡಿದ ಪಾಪಗಳನ್ನೆಲ್ಲ ಫಾದರ್ ಕಿವಿಯಲ್ಲಿ ಹೇಳಬೇಕು. ಮಕ್ಕಳು ಹೆದರಿ ಮರೆತುಬಿಡುತ್ತಾರೆಂದು ಅಪ್ಪ ಒಂದು ಉಪಾಯ ಹುಡುಕಿದ್ದ. ಒಂದು ಪಾಪಕ್ಕೆ ಒಂದು ಹುಣಸೆಬೀಜ. ವಾರವಿಡೀ ನೆನೆದು ನೆನೆದು ಬಟ್ಟೆಯ ಚೂರಿನಲ್ಲಿ ಕಟ್ಟಿಟ್ಟುಕೊಳ್ಳಬೇಕು. ಫಾದರ್ ಮುಂದೆ ಮೊಣಕಾಲೂರಿ ಒಂದೊಂದು ಹೇಳಿದಂತೆ ಒಂದೊಂದು ಬೀಜ ನೆಲಕ್ಕೆ ಬಿಡಬೇಕು. ಕೈ ಖಾಲಿಯಾದರೆ ಆತ್ಮ ಹಗುರ. ಒಂದನ್ನಾದರೂ ಬೇಕಂತಲೇ ಮುಚ್ಚಿಟ್ಟರೆ ಹೇಳಿದ್ದೆಲ್ಲ ವ್ಯರ್ಥ. ಅಂಥ ಬಾಯಿಯಲ್ಲಿ ಪರಮಪ್ರಸಾದ ತೆಗೆದುಕೊಂಡರೆ ಅದು ಎಲ್ಲಕ್ಕಿಂತ ದೊಡ್ಡ ಪಾಪ. ಇದನ್ನು ಹೇಳುವಾಗ ಅಪ್ಪನ ದನಿ ತಗ್ಗುತ್ತಿತ್ತು.

ಉಪಾಯವೇನೋ ಚೆನ್ನಾಗಿತ್ತು. ಆದರೆ ಅದರಿಂದ ಪಾಪ ಕಣ್ಣಿಗೆ ಕಾಣುವಂತಾಯಿತು. ಕಟ್ಟೆಯ ಮೇಲಿನ ಎಂಟೂ ಮಕ್ಕಳು ಒಬ್ಬರ ಗಂಟನ್ನೊಬ್ಬರು ಓರೆಗಣ್ಣಿನಿಂದ ಅಳೆಯತೊಡಗಿದೆವು.

“ನಿಂದೆಷ್ಟು ಬೇ?” ಎಂದು ಕೇಳಿದೆ ನನ್ನ ಗೆಳತಿಗೆ.

“ನಂದು ಮೂರ ಅದಾವ.”

“ಮೂರ? ನಿನ್ನಿ ಒಂದ ದಿನದಾಗ ಮೂರು ಸುಳ್ಳು ಹೇಳೀದಿ. ಹೋಗು, ಇನ್ನೊಂದು ಹಿಡಿ ತುಂಬ್ಕೊಂಡು ಬಾ.”

“ನಿಂದು ಭಾಳ ದಪ್ಪ ಕಾಣಾಕತ್ತದಲ್ಲ, ಉಪದೇಶಿ ಮಗಳs,” ಎಂದಳು ಅವಳು. ನಾನು ಗಂಟನ್ನು ಬೆನ್ನ ಹಿಂದೆ ಸರಿಸಿದೆ.

ನನ್ನ ಗಂಟಿನಲ್ಲಿ ಏಳು ಬೀಜಗಳಿದ್ದವು. ಆರನ್ನು ಯಾರಿಗಾದರೂ ತೋರಿಸಬಹುದಿತ್ತು. ಏಳನೆಯದು ನನ್ನದೊಂದೇ ಪಾಪವಾಗಿರಲಿಲ್ಲ, ಆಯಿಯದೂ ಆಗಿತ್ತು.

ಆಯಿ ಎಂದರೆ ಅಪ್ಪನ ತಾಯಿ. ನನ್ನ ಅವ್ವ ನಾನು ಹುಟ್ಟಿದ ವಾರದಲ್ಲೇ ತೀರಿಕೊಂಡಿದ್ದಳು, ಬೆಳೆಸಿದವಳು ಆಯಿಯೇ. ಮಗನಿಗೆ ಉಪದೇಶಿಯ ಕೆಲಸ ಸಿಕ್ಕಾಗ ಅವನ ಮುಖ ನೋಡಿ ಅವಳೂ ತಲೆಬಾಗಿ ದೀಕ್ಷಾಸ್ನಾನ ತೆಗೆದುಕೊಂಡಿದ್ದಳು. ಆದರೆ ಜೋಳದ ಗುಡಾಣದ ತಳದಲ್ಲಿ, ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿ, ಹೆಬ್ಬೆರಳಿನಷ್ಟು ದೊಡ್ಡ ಒಂದು ಹಿತ್ತಾಳೆಯ ಮುಖವನ್ನು ಇಟ್ಟುಕೊಂಡಿದ್ದಳು. ಎಲ್ಲಮ್ಮನ ಮುಖ. ಅವಳ ತಾಯಿ ಅವಳಿಗೆ ಕೊಟ್ಟದ್ದು. ಮಂಗಳವಾರ ಅಪ್ಪ ಹೊರಬಿದ್ದ ಮೇಲೆ ತೋಳುದ್ದ ಕೈ ಹಾಕಿ ತೆಗೆಯುತ್ತಿದ್ದಳು, ಅರಿಶಿನ ಹಚ್ಚಿ ಬೆಲ್ಲದ ಚೂರಿಟ್ಟು ಕೈಮುಗಿಯುತ್ತಿದ್ದಳು. ಆಮೇಲೆ ಆ ಬೆಲ್ಲ ನನ್ನ ಬಾಯಿಗೆ. ನನ್ನ ಏಳನೆಯ ಬೀಜ ಆ ಬೆಲ್ಲವಾಗಿತ್ತು.

ಉಪದೇಶಿಯ ಮನೆಯಲ್ಲೇ ವಿಗ್ರಹ ಇದೆಯೆಂದು ತಿಳಿದರೆ ಅಪ್ಪನ ಕೆಲಸ ಹೋಗುತ್ತದೆ, ಮಿಷನ್ನಿನವರು ಕೊಟ್ಟ ಮನೆ ಹೋಗುತ್ತದೆ, ಎಲ್ಲಕ್ಕಿಂತ ಮೊದಲು ಆಯಿಯ ದೇವಿ ಭೀಮೆಯ ಪಾಲಾಗುತ್ತಾಳೆ. ಇದೆಲ್ಲ ಎಂಟು ವರ್ಷದ ನನಗೂ ಗೊತ್ತಿತ್ತು. ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಅಪ್ಪನೇ ಕಲಿಸಿದ್ದ.

ಆಯಿಗೆ ಕನ್ಫೆಶನ್ ಎಂದರೆ ಮೊದಲಿನಿಂದಲೂ ಗುಮಾನಿ. ನಿಜಾಮರ ಕಾಲ ಅದು. ಕಂದಾಯದ ಗಿರದಾವರನಾಗಲಿ ಪಟವಾರಿಯಾಗಲಿ, ಸರ್ಕಾರದ ಯಾರಾದರೂ ಹತ್ತಿರ ಕೂತು ಮೆಲ್ಲಗೆ ಮಾತು ಕೇಳಿದರೆಂದರೆ ಆ ಮಾತು ಎಲ್ಲಿಗೋ ಹೋಗಿ ಮುಟ್ಟುತ್ತದೆ ಎಂದು ಅವಳು ಕಂಡಿದ್ದಳು.

“ಪರದೇ ಹಿಂದ ಕುಂತು ಸಣ್ಣ ಹುಡುಗ್ರ ಬಾಯಿ ಬಿಡಸೂದು ಇದ್ಯಾವ ಪದ್ಧತಿಲೇ?” ಎಂದಳು ಒಂದು ಸಲ, ಅಪ್ಪನಿಗೆ ರೊಟ್ಟಿ ಬಡಿಸುತ್ತ.

“ಯವ್ವಾ, ಅವ್ರು ಯಾರ ಮುಂದೂ ಹೇಳಂಗಿಲ್ಲ. ಕುತ್ತಿಗಿ ಮ್ಯಾಲ ಕತ್ತಿ ಇಟ್ರೂ ಹೇಳಂಗಿಲ್ಲ.”

“ಕತ್ತಿ ಯಾರಿಡ್ತಾರ? ಒಂದು ಕಪ್ ಚಾ ಕೊಟ್ರ ಎಲ್ಲಾರೂ ಹೇಳ್ತಾರ.”

ಅಪ್ಪ ನಕ್ಕ. ನಗುತ್ತಲೇ ಅವಳನ್ನು ಒಂದು ಕ್ಷಣ ಹೆಚ್ಚೇ ನೋಡಿದ. ಅವನಿಗೂ ಏನಾದರೂ ವಾಸನೆ ಹತ್ತಿತ್ತೇ, ನನಗೆ ಗೊತ್ತಿಲ್ಲ. ಅವನು ಗುಡಾಣಕ್ಕೆ ಎಂದೂ ಕೈ ಹಾಕಿದವನಲ್ಲ. ಜೋಳ ತೆಗೆಯುವುದು ಹೆಂಗಸರ ಕೆಲಸ ಎನ್ನುತ್ತಿದ್ದ.

ಕನ್ಫೆಶನ್ನಿಗೆ ಎರಡು ದಿನ ಇರುವಾಗ ಆಯಿ ಮೊರದಲ್ಲಿ ಜೋಳ ಕೇರುತ್ತ ಕೂತಿದ್ದವಳು ನನ್ನನ್ನು ಕರೆದಳು.

“ಗಂಟು ಬಿಚ್ಚು ನೋಡೂನು.”

ಬಿಚ್ಚಿದೆ. ಕಪ್ಪಗೆ ಹೊಳೆಯುವ ಏಳು ಬೀಜಗಳನ್ನು ಅವಳು ಮೊರದ ಅಂಚಿನಲ್ಲಿ ಸಾಲಾಗಿ ಇಟ್ಟಳು.

“ಇದ್ಯಾತರದು?”

“ಅಪ್ಪಗ ಸುಳ್ಳು ಹೇಳಿದ್ದು.”

“ಇದು?”

“ಶೇಂಗಾ ಕಿತ್ತಿದ್ದು. ಅದು ಹೊಡದಾಡಿದ್ದು. ಅದು ಜಪಾ ಮಾಡೂ ಮುಂದ ನಿದ್ದಿ ಮಾಡಿದ್ದು. ಇದು ಫಾದರ್ ಮಾತಾಡೂದು ಕೇಳಿ ನಕ್ಕಿದ್ದು.”

“ಅದಕ್ಕ ಆಕಳಾನೂ ನಗ್ತದ. ಮತ್ತ ಇದು?”

“ನಿನಗ ಬೈದಿದ್ದು, ಆಯಿ.”

“ಬೈದಿದ್ದು ಒಂದ ಸಲನ? ಇರ್ಲಿ.” ಅವಳ ಬೆರಳು ಕೊನೆಯ ಬೀಜದ ಮೇಲೆ ನಿಂತಿತು. “ಇದು?”

ನಾನು ಗುಡಾಣದ ಕಡೆ ನೋಡಬಾರದೆಂದುಕೊಂಡೆ, ನೋಡಿಬಿಟ್ಟೆ. ಆಯಿ ಬೀಜಗಳನ್ನು ಒಟ್ಟುಮಾಡಿ ತಾನೇ ಗಂಟು ಕಟ್ಟಿ ನನ್ನ ಕೈಯಲ್ಲಿಟ್ಟಳು. ಆಮೇಲೆ ಬಹಳ ಹೊತ್ತು ಜೋಳ ಕೇರಿದಳು.

ಶನಿವಾರ ಬೆಳಿಗ್ಗೆ ಚರ್ಚಿನ ಕಟ್ಟೆಯ ಮೇಲೆ ಗಂಟು ಬಿಚ್ಚಿದರೆ ಆರೇ ಬೀಜ. ಬಟ್ಟೆಯಲ್ಲಿ ತೂತಿಲ್ಲ, ಗಂಟು ಸಡಿಲಾಗಿಲ್ಲ. ನಾನು ನೇರವಾಗಿ ಗೆಳತಿಯ ಜಡೆಗೆ ಕೈ ಹಾಕಿದೆ.

“ನನ್ನ ಪಾಪ ಕದ್ದೀದಿ ನೀ. ಕೊಡು.”

“ನಿನ್ನ ಪಾಪ ನಾ ಏನ್ ಮಾಡ್ಲಿ? ನನಗ ನಂದs ರಗಡ ಆಗ್ಯಾವ.”

“ಮೂರ ಅದಾವಂದಿ.”

“ಆ ಮ್ಯಾಲ ಹೆಚ್ಚಾದ್ವು. ಜಡಿ ಬಿಡು, ಇನ್ನೊಂದು ಆಗ್ತದ.”

ಅಪ್ಪ ಬಂದು ಇಬ್ಬರನ್ನೂ ಬಿಡಿಸಿದ. ಒಳಗೆ ಫಾದರ್ ಕುರ್ಚಿಯ ಮೇಲೆ ಕೂತಿದ್ದರು, ಅವರಿಗೂ ನಮಗೂ ನಡುವೆ ಹಗ್ಗಕ್ಕೆ ಒಂದು ಧೋತರ ಇಳಿಬಿದ್ದಿತ್ತು. ಅವರು ಪರದೇಶದವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು, ಓದಿದಂತೆಯೇ ಮಾತಾಡುತ್ತಿದ್ದರು. ನಾನು ಮೊಣಕಾಲೂರಿ ಆರು ಪಾಪಗಳನ್ನು ಹೇಳಿ ಆರು ಬೀಜಗಳನ್ನು ಬಿಟ್ಟೆ. ಕೈ ಖಾಲಿಯಾಯಿತು. ಎದ್ದು ಬಂದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಖಾಲಿ ಕೈ ನನಗೆ ಸುಳ್ಳಾಗಿ ಕಂಡಿತು. ಹೇಳಿದೆ. ಮಂಗಳವಾರ, ಬೆಲ್ಲ, ಹಿತ್ತಾಳೆಯ ಮುಖ, ಎಲ್ಲ.

ಧೋತರದ ಆಚೆ ಕುರ್ಚಿ ಕಿರ್ ಎಂದಿತು.

“ಈ ಸಂಗತಿ ಮನೆಯಲ್ಲಿ ಯಾರಿಗೆಲ್ಲ ತಿಳಿದಿದೆ, ಮಗಳೇ?”

“ನನಗ, ಆಯಿಗೆ.”

“ತಂದೆಗೆ?”

“ಇಲ್ರಿ.”

“ಒಳ್ಳೆಯದು,” ಎಂದರು. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯ ಜಪ ಮಾಡಲು ಹೇಳಿ ಕಳಿಸಿದರು. ಹೊರಗೆ ಬಿಸಿಲಿಗೆ ಬಂದ ಮೇಲೆ ನನಗೆ ಹೊಳೆಯಿತು: ಯಾರಿಗೆಲ್ಲ ಗೊತ್ತು ಎಂದು ಅವರು ಯಾಕೆ ಕೇಳಿದರು? ಹೇಳದೇ ಇರುವವರಿಗೆ ಅದು ಯಾಕೆ ಬೇಕು?

ಮರುದಿನ ಭಾನುವಾರ ಬಿಳಿ ಫ್ರಾಕು ಹಾಕಿಕೊಂಡು ಪರಮಪ್ರಸಾದ ತೆಗೆದುಕೊಂಡೆ. ಅದರ ರುಚಿ ನೆನಪಿಲ್ಲ, ಫಾದರ್ ಕಣ್ಣುಗಳನ್ನೇ ನೋಡುತ್ತಿದ್ದೆ. ಪೂಜೆಯಾದ ಮೇಲೆ ಅವರು ನಮ್ಮ ಮನೆಗೆ ಊಟಕ್ಕೆ ಬಂದರು. ಅಪ್ಪ ಗೋಡೆಯ ಪಕ್ಕ, ಗುಡಾಣಕ್ಕೆ ಎದುರಾಗಿ ಕಂಬಳಿ ಹಾಸಿದ್ದ.

“ಇಲ್ಲಿ ಬಾಗಿಲ ಬಳಿ ಕುಳಿತುಕೊಳ್ಳುತ್ತೇನೆ. ಗಾಳಿ ಬರುತ್ತದೆ,” ಎಂದರು ಫಾದರ್, ಮತ್ತು ಗುಡಾಣಕ್ಕೆ ಬೆನ್ನು ಮಾಡಿ ಕೂತರು.

ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಆಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ಬಡಿಸಿದಳು. ಅವಳು ಫಾದರ್ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ, ಅಪ್ಪ ನಮ್ಮಿಬ್ಬರನ್ನೂ ನೋಡಿದ. ಫಾದರ್ ಹಿಂಡಿಯ ಖಾರಕ್ಕೆ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಕೇಳಿದರು. ಹೋಗುವಾಗ ಗಾಡಿಯ ಬಳಿ ನಿಂತು ಅಪ್ಪನ ಜೊತೆ ಬಹಳ ಹೊತ್ತು ತಗ್ಗಿದ ದನಿಯಲ್ಲಿ ಮಾತಾಡಿದರು. ಅಪ್ಪ ಎರಡು ಸಲ ಮನೆಯ ಕಡೆ ತಿರುಗಿ ನೋಡಿದ. ಒಲೆಯ ಮುಂದಿದ್ದ ಆಯಿಗೂ ಅದು ಕಂಡಿತು.

ಮಂಗಳವಾರ ಅಪ್ಪ ಹೊರಬಿದ್ದ. ಆಯಿ ಗುಡಾಣದ ಹತ್ತಿರ ಹೋಗಲಿಲ್ಲ. ಅವಳು ನೀರಿಗೆ ಹೋದಾಗ ನಾನು ಸ್ಟೂಲು ಹಾಕಿಕೊಂಡು ಜೋಳದೊಳಗೆ ಭುಜದತನಕ ಕೈ ಇಳಿಸಿದೆ. ತಳದಲ್ಲಿ ಜೋಳವಷ್ಟೇ ಇತ್ತು.

ಅಪ್ಪನೇ ಭೀಮೆಗೆ ಎಸೆದು ಬಂದ ಎಂದು ಅಂದೇ ತೀರ್ಮಾನಿಸಿದೆ. ಫಾದರ್ ಹೇಳಿದ್ದಾರೆ, ಅಪ್ಪ ಎಸೆದಿದ್ದಾನೆ, ಎಲ್ಲಕ್ಕೂ ಮೂಲ ನಾನು. ಆಯಿಗೆ ಕೇಳಲು ಬಾಯಿ ಬರಲಿಲ್ಲ. ಅವಳು ಬೆಲ್ಲ ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮಂಗಳವಾರವಲ್ಲ, ಬೇರೆ ದಿನ, ಡಬ್ಬಿಯಿಂದಲೇ ನೇರವಾಗಿ.

ಮುಂದಿನ ಜೂನಿನಲ್ಲಿ ನನ್ನನ್ನು ಹೈದರಾಬಾದಿನ ಕಡೆ ಸಿಸ್ಟರುಗಳ ಬೋರ್ಡಿಂಗಿಗೆ ಕಳಿಸುವುದೆಂದಾಯಿತು. ಗಾಡಿಯ ಬಳಿ ಆದ ಮಾತು ಅದೇ ಎಂದ ಅಪ್ಪ.

“ಹುಡುಗಿ ಶಾಣ್ಯಾ ಅದಾಳ, ಓದಸ್ರಿ ಅಂದಿದ್ರು ಅವತ್ತs. ನಾನs ಆಯಿ ಏನಂತಾಳೋ ಅಂತ ಹೇಳಿದ್ದಿಲ್ಲ.”

ನಾನು ಅದನ್ನೂ ನಂಬಲಿಲ್ಲ. ಬಾಯಿ ಬಿಡುವ ಹುಡುಗಿಯನ್ನು ಮನೆಯಿಂದ ದೂರ ಇಡುವ ಉಪಾಯ ಎಂದುಕೊಂಡೆ.

ಆಯಿ ನನಗಾಗಿ ಕೌದಿ ಹೊಲಿದಳು. ತನ್ನ ಹಳೆಯ ಸೀರೆಗಳು, ಅಪ್ಪನ ಧೋತರದ ಚೂರುಗಳು, ಮೇಲೆ ಸಾಲು ಸಾಲು ಬಿಳಿ ದಾರ. ನಮ್ಮಲ್ಲಿ ಕೌದಿಯ ಹೊಟ್ಟೆ ಖಾಲಿ ಬಿಡುವುದಿಲ್ಲ. ಕೊನೆಯ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಚೂರು ಇಡುತ್ತಾರೆ. ಹೊದ್ದವರು ಉಪವಾಸ ಬೀಳಬಾರದೆಂದು. ಆ ಮೂಲೆಯನ್ನು ಆಯಿ ನನ್ನನ್ನು ಹೊರಗೆ ಕಳಿಸಿ ಹೊಲಿದಳು. ಮರಳಿ ಬಂದಾಗ ದಾರ ಹಲ್ಲಿನಿಂದ ಕಡಿಯುತ್ತಿದ್ದಳು.

“ಈ ಮೂಲಿ ತಲಿ ಕಡೆ ಮಾಡ್ಕೊಂಡು ಮಲಕ್ಕೋ. ಕಾಲ ಕಡೆ ಮಾಡಬ್ಯಾಡ. ಕೇಳ್ತೇನು?”

“ರೊಟ್ಟಿಗಿ ಕಾಲು ತಾಕಬಾರದೇನು ಆಯಿ?”

“ಹೂಂ, ರೊಟ್ಟಿಗಿ.”

ಬೋರ್ಡಿಂಗಿನ ಮೇಟ್ರನ್ ಮೊದಲ ದಿನವೇ ಹಾಸಿಗೆಗಳನ್ನು ತಡವಿ ನೋಡುತ್ತ ನನ್ನ ಕೌದಿಯ ಮೂಲೆಯ ಗಂಟು ಹಿಡಿದರು. “ವಾಟ್ ಈಸ್ ದಿಸ್ ಲಂಪ್?” ನನಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಉತ್ತರ ಹೇಳಿದೆ: “ಬ್ರೆಡ್, ಸಿಸ್ಟರ್.” ಇಲಿ ಬರುತ್ತದೆಂದು ಕತ್ತರಿ ತರಲು ಹೋದರು. ನಾನು ಕೌದಿಯ ಮೇಲೆ ಬಿದ್ದುಕೊಂಡು ಎಂಥ ಅಳು ಅತ್ತೆನೆಂದರೆ, ಕತ್ತರಿ ಹಿಡಿದ ಕೈಯಿಂದಲೇ ನನ್ನ ತಲೆ ಸವರಿ, “ಆಲ್ ರೈಟ್, ಆಲ್ ರೈಟ್, ಕೀಪ್ ಯುವರ್ ಬ್ರೆಡ್” ಎಂದು ಹೊರಟುಹೋದರು.

ಅಲ್ಲಿ ಪ್ರತಿ ಶನಿವಾರ ಕನ್ಫೆಶನ್. ನಾನು ಪರೀಕ್ಷೆಗೆಂದು ಮಾಡದ ಪಾಪ ಹೇಳಿದೆ: ಮ್ಯೂಸಿಕ್ ರೂಮಿನ ಕಿಟಕಿಯ ಗಾಜು ಒಡೆದವಳು ನಾನು ಎಂದು. ಒಡೆದದ್ದು ಗಾಳಿಗೆ. ಒಂದು ವಾರ ಕಾದೆ, ಯಾರೂ ಕರೆದು ಕೇಳಲಿಲ್ಲ. ಮತ್ತೊಂದು ಹೇಳಿದೆ, ಅದೂ ಅಲ್ಲೇ ಉಳಿಯಿತು. ಈ ಫಾದರ್ ಒಳ್ಳೆಯವರು, ಊರಿನ ಫಾದರೇ ಹೇಳಿದವರು ಎಂದುಕೊಂಡೆ. ಅನುಮಾನಕ್ಕೆ ಹೀಗೆ ಯಾವಾಗಲೂ ಒಂದು ದಾರಿ ಸಿಗುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಅವರಿಗೆ ನಮಸ್ಕಾರ ಹೇಳದೆ ತಪ್ಪಿಸಿಕೊಳ್ಳುತ್ತಿದ್ದೆ. ಅಪ್ಪನ ಜೊತೆ ಬೇಕಾದಷ್ಟೇ ಮಾತು. ಆಯಿ ಪ್ರತಿ ಸಲ ಕೇಳುತ್ತಿದ್ದಳು, “ಕೌದಿ ಹರದಿಲ್ಲಲ್ಲ? ಹರದ್ರ ಇಲ್ಲೆ ತೊಗೊಂಬಾ, ಅಲ್ಲಿಯವ್ರ ಕೈಯಾಗ ಕೊಡಬ್ಯಾಡ.” ನಾನು ನಾಲ್ಕನೆಯ ವರ್ಷದಲ್ಲಿದ್ದಾಗ ಅವಳು ತೀರಿಕೊಂಡಳು. ಕಾಗದ ನನ್ನ ಕೈ ಸೇರುವಷ್ಟರಲ್ಲಿ ಮಣ್ಣಾಗಿತ್ತು.

ಕೌದಿ ನನ್ನ ಜೊತೆ ಎಲ್ಲ ಕಡೆ ಬಂತು. ಟೀಚರ್ ಆಗಿ ರಿಟೈರ್ ಆದ ವರ್ಷ ಅದು ಕೈಯಲ್ಲೇ ಹರಿಯತೊಡಗಿದಾಗ, ಬಿಚ್ಚಿ ಹೊಸ ಬಟ್ಟೆ ಕೊಡೋಣವೆಂದು ಮೂಲೆಗೆ ಕತ್ತರಿ ಹಾಕಿದೆ. ರೊಟ್ಟಿ ಎಂದೋ ಪುಡಿಯಾಗಿ ಹೋಗಿತ್ತು. ಕುಪ್ಪಸದ ತುಂಡು ಸಿಕ್ಕಿತು. ಅದರೊಳಗೆ ಹಿತ್ತಾಳೆಯ ಮುಖ, ಮೂಗಿನ ಬುಡದಲ್ಲಿ ಇನ್ನೂ ಅರಿಶಿನದ ಕರೆ. ಅದರ ಜೊತೆಗೆ ಒಂದು ಹುಣಸೆಬೀಜ.

ಕತ್ತರಿ ಕೆಳಗಿಟ್ಟೆ. ಫಾದರ್ ಹೇಳಿರಲಿಲ್ಲ. ಅಪ್ಪ ಎಸೆದಿರಲಿಲ್ಲ. ಅವರಿಬ್ಬರೂ ಅಷ್ಟರಲ್ಲಿ ತೀರಿಹೋಗಿದ್ದರು, ಹೋಗಿ ಹೇಳುವಂತಿರಲಿಲ್ಲ. ಬೀಜ ಕದ್ದವಳು ಆಯಿ. ಕದ್ದರೂ ನಾನು ಹೇಳಿಯೇ ಹೇಳುತ್ತೇನೆಂದು ಅನುಮಾನ ಪಟ್ಟು ದೇವಿಯನ್ನು ಗುಡಾಣದಿಂದ ಎತ್ತಿದವಳೂ ಅವಳೇ. ಅವಳ ಅನುಮಾನ ಸರಿಯಾಗಿತ್ತು. ಆದರೂ ಕೊನೆಗೆ ಆ ಮುಖವನ್ನು ಕೊಟ್ಟದ್ದು ನನ್ನ ಕೈಗೇ, ಅವಳ ತಾಯಿ ಅವಳಿಗೆ ಕೊಟ್ಟಂತೆ. ಹೇಳಿ ಕೊಟ್ಟಿದ್ದರೆ ಮುಂದಿನ ಶನಿವಾರವೇ ಅದನ್ನು ಪರದೆಯ ಮುಂದೆ ಒಯ್ಯುತ್ತಿದ್ದೆ. ಹೇಳದೇ ಕೊಟ್ಟಳು. ಡಾರ್ಮಿಟರಿಯಲ್ಲಿ ಏಳು ವರ್ಷ, ಗೋಡೆಯ ಮೇಲಿನ ಶಿಲುಬೆಯ ಕೆಳಗೆ, ಎಲ್ಲಮ್ಮ ನನ್ನ ತಲೆಯ ಹತ್ತಿರ ಮಲಗಿದ್ದಳು.

ಅಡುಗೆಮನೆಗೆ ಹೋಗಿ ಒಂದು ಚೂರು ರೊಟ್ಟಿ ತಂದೆ. ಮುಖವನ್ನು ಅದೇ ತುಂಡಿನಲ್ಲಿ ಸುತ್ತಿ ರೊಟ್ಟಿಯ ಜೊತೆ ಮೂಲೆಯಲ್ಲಿಟ್ಟು ಹೊಲಿದೆ, ಬೀಜವನ್ನು ಮಾತ್ರ ಹೊರಗಿಟ್ಟುಕೊಂಡೆ. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟಗಾಯಿತು. ಆ ಶನಿವಾರ ಕನ್ಫೆಶನ್ನಿಗೆ ಹೋದೆ. ಅಪ್ಪನ ಮೇಲೆ, ಫಾದರ್ ಮೇಲೆ ಇಷ್ಟು ವರ್ಷ ಸುಳ್ಳು ಅನುಮಾನ ಇಟ್ಟುಕೊಂಡದ್ದನ್ನು ಹೇಳಿದೆ. ಪರದೆಯ ಆಚೆಗಿದ್ದ ಚಿಕ್ಕ ವಯಸ್ಸಿನ ಫಾದರ್, “ಇನ್ನೇನಾದರೂ ಇದೆಯೇ ಅಮ್ಮ?” ಎಂದು ಕೇಳಿದರು.

ಬೀಜ ನನ್ನ ಮುಷ್ಟಿಯಲ್ಲಿತ್ತು. “ಇಲ್ಲ ಫಾದರ್,” ಎಂದೆ. ಅದನ್ನು ಕೆಳಗೆ ಬಿಡದೆ ಮನೆಗೆ ತಂದೆ.